ಮೂರು ಸಲ ಪೋಣಿಸಿದ ಸೂಜಿ

ಹೊಲಿಗೆ ಅಂಗಡಿಯಿಂದ,
ಹದಿನಾಲ್ಕನೇ ತಾರೀಕು, ಗುರುವಾರ ಮಧ್ಯಾಹ್ನ.

ಅತ್ತೆಯವರಿಗೆ ನಿಮ್ಮ ಹಿರಿಯ ಸೊಸೆಯ ನಮಸ್ಕಾರಗಳು.

ಎರಡನೇ ಕಣ್ಣಿನ ಆಪರೇಷನ್ ಆಗಿ ಹನ್ನೆರಡು ದಿನವಾಯಿತಲ್ಲ, ನೋವು ಇಳಿದಿದೆಯೇ? ಹೊತ್ತು ಹೊತ್ತಿಗೆ ಹನಿ ಹಾಕಿಸಿಕೊಳ್ಳುತ್ತಿದ್ದೀರಾ? ಕಪ್ಪು ಕನ್ನಡಕ ಹಾಕಿಕೊಂಡು ಮಗಳ ಮನೆಯ ಸೋಫಾದಲ್ಲಿ ಕೂತು ಎಲ್ಲರನ್ನೂ ಕುಣಿಸುತ್ತಿದ್ದೀರಂತೆ, ಕೇಳಿ ಸಂತೋಷವಾಯಿತು. ನಿಮ್ಮ ದೃಷ್ಟಿ ಚೆನ್ನಾಗಿ ಬರಲಿ ಎಂದು ಮನಸಾರೆ ಬಯಸುತ್ತೇನೆ. ಮುಂದೆ ನೀವು ನೋಡಬೇಕಾದದ್ದು ಬಹಳ ಇದೆ. ಡಾಕ್ಟರು ಇನ್ನೂ ಸ್ವಲ್ಪ ದಿನ ಓದಬೇಡಿ ಎಂದಿದ್ದಾರೆಂದರೆ ಈ ಕಾಗದವನ್ನು ನಾದಿನಿಯೇ ಓದಿ ಹೇಳಬೇಕು. ಅದು ಗೊತ್ತಿದ್ದೇ ಬರೆಯುತ್ತಿದ್ದೇನೆ. ನಾದಿನಿ, ನಿನಗೊಂದು ಮಾತು. ಎಲ್ಲಿಯೂ ನಿಲ್ಲಿಸಬೇಡ, ಒಂದು ಸಾಲನ್ನೂ ನುಂಗಬೇಡ, ಗಟ್ಟಿಯಾಗಿ ಓದು. ಫೋನಿನಲ್ಲಿ ಹೇಳೋಣವೆಂದರೆ ನಿನ್ನಮ್ಮ ನನ್ನ ಒಂದು ಮಾತೂ ಪೂರ್ತಿಯಾಗಲು ಬಿಟ್ಟವರಲ್ಲ. ಕಾಗದಕ್ಕೆ ಅಡ್ಡಬಾಯಿ ಹಾಕಲು ಯಾರಿಂದಲೂ ಆಗುವುದಿಲ್ಲ ನೋಡು.

ಇಲ್ಲಿ ಅಂಗಡಿ ನಡೆಯುತ್ತಿದೆ. ಶಾಲೆ ಶುರುವಾಗಲು ಹದಿನೈದು ದಿನ ಉಳಿದಿದೆ, ಯೂನಿಫಾರಂ ಬಟ್ಟೆ ಗೋಡೆಯುದ್ದಕ್ಕೂ ರಾಶಿ ಬಿದ್ದಿದೆ. ನಿಮ್ಮ ದೊಡ್ಡ ಮಗ ಕತ್ತರಿಸುತ್ತಾರೆ, ನಾನು ಹೊಲಿಯುತ್ತೇನೆ, ಓರಗಿತ್ತಿ ಮೊನ್ನೆಯವರೆಗೂ ಕಾಜಾ ಮಾಡಿ ಗುಂಡಿ ಹಾಕುತ್ತಿದ್ದಳು. ಇಬ್ಬರು ತುಂಬು ಬಸುರಿಯರು ಒಂದೇ ಅಂಗಡಿಯಲ್ಲಿದ್ದರೆ ಏನಾಗುತ್ತದೆ ಎಂದು ನೀವು ನೋಡಬೇಕಿತ್ತು. ಹೊಟ್ಟೆ ಅಡ್ಡ ಬಂದು ನನ್ನ ಕೈ ಮಷೀನಿಗೆ ಎಟುಕದು, ಅವಳಿಗೆ ಚಾಪೆಯಿಂದ ಏಳಲಾಗದು. ನಾನು ಅವಳನ್ನು ಎಬ್ಬಿಸಲು ಹೋಗಿ ನಾನೂ ಕೂತುಬಿಟ್ಟರೆ, ನಿಮ್ಮ ಮಗ ಕತ್ತರಿ ಕೆಳಗಿಟ್ಟು ಬಂದು ಇಬ್ಬರನ್ನೂ ಎಳೆದು ನಿಲ್ಲಿಸಬೇಕು. ‘ನಾನು ಟೈಲರೋ, ಕ್ರೇನೋ?’ ಎಂದು ಗೊಣಗುತ್ತಾರೆ. ಅವಳ ಚಪ್ಪಲಿಯ ಪಟ್ಟಿ ನಾನು ಹಾಕುತ್ತೇನೆ, ನನ್ನದು ಅವಳು ಹಾಕುತ್ತಾಳೆ. ಸಂಜೆ ಬೀದಿಯ ಆ ತುದಿಯಿಂದ ಈ ತುದಿಗೆ ಕೈ ಹಿಡಿದು ನಡೆಯುತ್ತೇವೆ. ಎದುರಿನ ಇಸ್ತ್ರಿಯವನು ‘ಎರಡು ಲಾರಿ ಬಂತು, ದಾರಿ ಬಿಡಿ’ ಎನ್ನುತ್ತಾನೆ, ಓರಗಿತ್ತಿ ಅವನನ್ನು ಸುಮ್ಮನೆ ಬಿಡುವವಳಲ್ಲ, ‘ಹಾರ್ನ್ ಕೇಳ್ಸಲ್ವೇನಯ್ಯಾ?’ ಎಂದು ಕೇಳುತ್ತಾಳೆ.

ಹೊಟ್ಟೆಯಲ್ಲಿ ಮಗು ಎಷ್ಟು ಸಲ ಒದೆಯುತ್ತದೆ ಎಂದು ದಿನಾ ಎಣಿಸಬೇಕು ಅಂತ ಆಸ್ಪತ್ರೆಯ ಸಿಸ್ಟರ್ ಹೇಳಿಕೊಟ್ಟರು. ನಾವು ಎರಡು ಬಟ್ಟಲು ಇಟ್ಟುಕೊಂಡೆವು. ಊಟ ಮುಗಿಸಿ ಎಡ ಮಗ್ಗುಲಿಗೆ ಒರಗಿ, ಒಂದೊಂದು ಒದೆತಕ್ಕೆ ಒಂದೊಂದು ಗುಂಡಿ ಹಾಕುವುದು. ಹತ್ತು ಗುಂಡಿ ಬಿದ್ದರೆ ಆ ದಿನ ಪಾಸು. ಅವಳದು ಚುರುಕು ಕೂಸು, ಅರ್ಧ ಗಂಟೆಯಲ್ಲಿ ಮುಗಿಸಿಬಿಡುತ್ತಿತ್ತು. ನನ್ನದು ಸೋಮಾರಿ, ಗಂಟೆಗಟ್ಟಲೆ ಕಾಯಿಸುತ್ತದೆ. ಎಂಟಕ್ಕೆ ನಿಂತುಬಿಟ್ಟರೆ ನನಗೆ ಕೈಕಾಲು ತಣ್ಣಗಾಗುತ್ತದೆ. ಆಗ ಓರಗಿತ್ತಿ ತನ್ನ ಮುಖವನ್ನು ನನ್ನ ಹೊಟ್ಟೆಯ ಹತ್ತಿರ ತಂದು, ‘ಏಯ್, ನಿನ್ನ ಅಮ್ಮ ಅಳ್ತಾ ಇದ್ದಾಳೆ, ಒದಿಯೋ ಕತ್ತೆ’ ಎಂದು ಗದರುತ್ತಾಳೆ. ನನಗೆ ಯಾಕೆ ಹಾಗೆ ತಣ್ಣಗಾಗುತ್ತದೆ ಎಂದು ನಿಮಗೆ ಗೊತ್ತು ಅತ್ತೆ. ಎರಡು ವರ್ಷದಿಂದ ಈ ಮನೆಯಲ್ಲಿ ಯಾರೂ ಆ ವಿಷಯ ಎತ್ತಿಲ್ಲ. ಇವತ್ತು ನಾನು ಎತ್ತುತ್ತೇನೆ.

ನಾನು ಮೊದಲ ಸಲ ಬಸುರಿಯಾಗಿದ್ದಾಗಲೂ ಇದೇ ಯೂನಿಫಾರಂ ಕಾಲ. ನಿಮ್ಮ ಮಗ ಬಟ್ಟೆ ತರಲು ಬೇರೆ ಊರಿಗೆ ಹೋಗಿದ್ದರು. ಬೆಳಿಗ್ಗೆ ಹತ್ತಕ್ಕೆ ನನಗೆ ಸೊಂಟ ಹಿಡಿದು ನೋವು ಬಂತು. ನೀವು ಸೂಜಿ ಡಬ್ಬಿ ತಂದು, ಎಲ್ಲಕ್ಕಿಂತ ಸಣ್ಣ ಸೂಜಿ ಆರಿಸಿ, ‘ದಾರ ಪೋಣಿಸು ನೋಡೋಣ. ಕೈ ನಡುಗದೆ ಪೋಣಿಸಿದ್ರೆ ಅದು ಸುಳ್ಳು ನೋವು’ ಅಂದಿರಿ. ನಿಮ್ಮ ಅತ್ತೆ ನಿಮಗೆ ಇದೇ ಪರೀಕ್ಷೆ ಮಾಡಿದ್ದರಂತೆ, ನಿಮ್ಮ ಕೈಯಿಂದ ಸೂಜಿ ಜಾರಿ ಬಿತ್ತಂತೆ, ಮೂರು ಗಂಟೆಯಲ್ಲಿ ಹೆತ್ತಿರಂತೆ. ಇರಬಹುದು. ನೀವು ಗಲ್ಲಾಪೆಟ್ಟಿಗೆಯ ಮುಂದೆ ಕೂತವರು, ಜನ್ಮದಲ್ಲಿ ಸೂಜಿ ಹಿಡಿದವರಲ್ಲ. ನಾನು ಎಂಟನೇ ವಯಸ್ಸಿನಿಂದ ಕಾಜಾ ಹೊಲಿದವಳು. ಜ್ವರದಲ್ಲಿ ಪೋಣಿಸಿದ್ದೇನೆ, ಅಳುತ್ತಾ ಪೋಣಿಸಿದ್ದೇನೆ, ಅಪ್ಪನ ಹೆಣ ಒಳಗಿದ್ದಾಗಲೂ ಗಿರಾಕಿಯ ಕೋಟಿಗೆಂದು ಪೋಣಿಸಿದ್ದೇನೆ. ನನ್ನ ಪ್ರಾಣ ಹೋಗುವಾಗಲೂ ನನ್ನ ಬೆರಳು ನಡುಗುವುದಿಲ್ಲ. ಹತ್ತಕ್ಕೆ ಪೋಣಿಸಿದೆ. ಹನ್ನೆರಡಕ್ಕೆ ಮತ್ತೆ ಕೊಟ್ಟಿರಿ, ಪೋಣಿಸಿದೆ. ‘ಅತ್ತೆ, ನನ್ನ ಕೈಲಿ ಆಗ್ತಿಲ್ಲ, ಆಸ್ಪತ್ರೆಗೆ ಹೋಗೋಣ’ ಎಂದು ನಿಮ್ಮ ಸೆರಗು ಹಿಡಿದೆ. ಎರಡೂವರೆಗೆ ಮೂರನೇ ಸಲ ಕೊಟ್ಟಿರಿ, ಅದನ್ನೂ ಪೋಣಿಸಿದೆ. ‘ಇದೇನು ನಾಟಕ, ಪೋಣಿಸಿದ್ಯಲ್ಲ, ಏಳು, ಗುಂಡಿ ಹಾಕು’ ಎಂದು ಅಂಗಿಗಳನ್ನು ನನ್ನ ಮುಂದೆ ಸುರಿದಿರಿ. ಹೊತ್ತಿಳಿಯುವಾಗ ನಿಮ್ಮ ಮಗ ಬಂದು ನನ್ನ ಮುಖ ನೋಡಿ ಗಾಬರಿಬಿದ್ದು ಹೊತ್ತುಕೊಂಡು ಓಡಿದರು. ಅಷ್ಟರಲ್ಲಿ ಒಳಗಿನ ಒದೆತ ನಿಂತು ಗಂಟೆಯಾಗಿತ್ತು. ಹೆಣ್ಣು ಮಗು. ತಲೆ ತುಂಬ ಕೂದಲು. ಬೆಳಿಗ್ಗೆಯೇ ಬಂದಿದ್ದರೆ ಉಳಿಯುತ್ತಿತ್ತು ಎಂದು ಡಾಕ್ಟರಮ್ಮ ಹೇಳಿದ್ದು ನನ್ನ ಕಿವಿಯಲ್ಲಿ ಇನ್ನೂ ಇದೆ.

ಆದರೂ ಕೇಳಿ, ನಾನು ನಿಮ್ಮನ್ನು ಮನಸ್ಸಿನಲ್ಲಿ ಬಿಟ್ಟುಬಿಟ್ಟಿದ್ದೆ. ಹಳೆಯ ಕಾಲದವರು, ತಿಳಿಯದೆ ಮಾಡಿದರು, ನನಗೂ ಅಮ್ಮ ಇಲ್ಲ, ಇವರ ಮಾತು ಕೇಳದೆ ಇನ್ಯಾರ ಮಾತು ಕೇಳಲಿ ಅಂದುಕೊಂಡೆ. ನನಗೆ ಅರ್ಥವಾಗದೆ ಉಳಿದದ್ದು ನಿಮ್ಮ ಮಗನ ಮೌನ. ಆಮೇಲೆ ಅವರು ನನ್ನನ್ನು ಬೈಯಲಿಲ್ಲ, ಹೊಡೆಯಲಿಲ್ಲ, ಒಂದೇ ತಟ್ಟೆಯಲ್ಲಿ ಉಂಡವರು ದೂರ ಕೂತು ಉಣ್ಣತೊಡಗಿದರು, ಅಷ್ಟೇ. ಒಂದು ಸಲ ಮಾತ್ರ, ‘ನೀನೊಂದು ಮಾತು ಹೇಳಿದ್ರೆ ಆಗ್ತಿತ್ತು’ ಅಂದರು. ಫೋನ್ ಮಾಡಲಿಲ್ಲ ಎಂದು ನೊಂದುಕೊಂಡಿರಬೇಕು ಅಂತ ನಾನು ತಲೆ ತಗ್ಗಿಸಿದೆ. ಫೋನು ನಿಮ್ಮ ಸೊಂಟದಲ್ಲಿತ್ತು ಎಂದು ಹೇಳುವಷ್ಟು ತ್ರಾಣವೂ ಆಗ ನನಗಿರಲಿಲ್ಲ.

ಹೋದ ವಾರ ಗುಂಡಿ ಎಣಿಸುತ್ತಾ ಮಲಗಿದ್ದಾಗ ಓರಗಿತ್ತಿ ಇದ್ದಕ್ಕಿದ್ದಂತೆ ಅಳಲು ಶುರುಮಾಡಿದಳು. ಹೆರಿಗೆಯ ಭಯವಿರಬೇಕು, ಅವಳಿಗೂ ತಾಯಿ ಇಲ್ಲ ಎಂದು ಬೆನ್ನು ಸವರಿದೆ. ‘ಅಕ್ಕಾ, ನಾನೇನಾದ್ರೂ ಸತ್ತುಹೋದ್ರೆ ಈ ಮಾತು ನನ್ನ ಜೊತೆಗೇ ಹೋಗುತ್ತೆ’ ಅಂದಳು. ನನ್ನ ಮಗು ಹೋದ ದಿನಕ್ಕೆ ಅವಳು ಮದುವೆಯಾಗಿ ಬಂದು ಎರಡೇ ವಾರ. ಆಸ್ಪತ್ರೆಯ ವರಾಂಡದಲ್ಲಿ ಫ್ಲಾಸ್ಕ್ ಹಿಡಿದು ಕಂಬದ ಹಿಂದೆ ನಿಂತಿದ್ದಳಂತೆ. ನೀವು ನಿಮ್ಮ ಮಗನ ತೋಳು ಹಿಡಿದು, ‘ನಾನು ಬೆಳಿಗ್ಗೆಯಿಂದ ಬಡ್ಕೊಂಡೆ ಕಣೋ, ಹೋಗೋಣ ಹೋಗೋಣ ಅಂತ. ನೋವೇ ಇಲ್ಲ, ಆರ್ಡರ್ ಮುಗೀಲಿ ಅಂದ್ಳು ನಿನ್ನ ಹೆಂಡ್ತಿ. ಅವಳಿಗೆ ಮಗುಗಿಂತ ಅಂಗಿ ಹೆಚ್ಚಾಯ್ತು’ ಎಂದಿರಂತೆ. ನಾನು ಒಳಗೆ ಮದ್ದಿನ ಮಂಪರಿನಲ್ಲಿ ಬಿದ್ದಿದ್ದೆ. ಹೊಸ ಸೊಸೆ, ಬಾಯಿ ಬಿಟ್ಟರೆ ಮನೆ ಬಿಡಬೇಕಾದೀತು ಎಂದು ಅವಳು ಎರಡು ವರ್ಷ ಬಾಯಿಗೆ ಬೀಗ ಹಾಕಿಕೊಂಡಳು. ಅವಳನ್ನು ನಾನು ಆ ಗಳಿಗೆಯೇ ಕ್ಷಮಿಸಿದೆ. ನಿಮ್ಮನ್ನಲ್ಲ. ಸೂಜಿಯ ತಪ್ಪು ತಿಳಿಯದೆ ಆದದ್ದು, ಈ ಸುಳ್ಳು ತಿಳಿದೇ ಹೇಳಿದ್ದು. ನನ್ನ ಮಗುವನ್ನು ಕಳೆದದ್ದಲ್ಲದೆ ಅದನ್ನು ಕೊಂದವಳ ಪಟ್ಟವನ್ನೂ ನನಗೇ ಕಟ್ಟಿದಿರಲ್ಲ, ಹೆಂಗಸಾಗಿ ನಿಮಗೆ ನಾಲಿಗೆ ಹೇಗೆ ಹೊರಳಿತು? ಓರಗಿತ್ತಿ ಇದನ್ನು ಹೇಳಿದ ದಿನ ನಾನು ಒಂದು ತೋಳನ್ನು ಅಂಗಿಯ ಕುತ್ತಿಗೆಗೆ ಹೊಲಿದುಬಿಟ್ಟೆ. ಬಿಚ್ಚಿ, ಮತ್ತೆ ಹೊಲಿದು, ಏನು ಮಾಡಬೇಕೆಂದು ಯೋಚಿಸಿದೆ.

ಈಗ ಸುದ್ದಿ. ಸೋಮವಾರ ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ಓರಗಿತ್ತಿ ಗುಂಡಿ ಹಾಕುತ್ತಿದ್ದವಳು ಸುಮ್ಮನಾದಳು. ತಿರುಗಿ ನೋಡಿದರೆ ಸೂಜಿ ಡಬ್ಬಿ ಮುಂದಿಟ್ಟುಕೊಂಡು, ಬೆವರು ಸುರಿಸುತ್ತಾ, ದಾರ ಹಾಕಿದ ಸೂಜಿಯನ್ನು ಎತ್ತಿ ಹಿಡಿದು ಕೂತಿದ್ದಾಳೆ. ‘ಅಕ್ಕಾ, ಪೋಣಿಸ್ಬಿಟ್ಟೆ. ಹಾಗಾದ್ರೆ ಸುಳ್ಳು ನೋವೇ ಅಲ್ವಾ?’ ಎಂದಳು. ‘ನಾನು ಬರೋ ತನಕ ಯಾರೂ ಆಸ್ಪತ್ರೆ ಕಡೆ ತಲೆ ಹಾಕಬೇಡಿ, ಸೂಜಿ ಹಿಡಿದು ನೋಡ್ಕೊಳ್ಳಿ’ ಅಂತ ಕಣ್ಣಿನ ಆಪರೇಷನ್ನಿಗೆ ಹೊರಡುವಾಗ ನೀವು ಹೇಳಿ ಹೋದದ್ದು ಅವಳ ತಲೆಯಲ್ಲಿ ಅಷ್ಟು ಗಟ್ಟಿಯಾಗಿ ಕೂತಿತ್ತು. ಎರಡು ವರ್ಷ ನನ್ನ ಪಕ್ಕದಲ್ಲಿ ಕೂತು ಕಲಿತ ಕೈ, ನಡುಗೀತೇ? ಡಬ್ಬಿಯನ್ನು ಬೀದಿಗೆಸೆದೆ. ‘ಏಳೇ’ ಎಂದೆ. ಅವಳ ಗಂಡ ಗಾಡಿ ತೆಗೆದುಕೊಂಡು ದೂರದ ಬಾಡಿಗೆಗೆ ಹೋಗಿದ್ದ, ನನ್ನವರು ಶಾಲೆಗೆ ಅಳತೆ ತರಲು ಹೋಗಿದ್ದರು. ಎದುರಿನ ಇಸ್ತ್ರಿಯವನೇ ಆಟೋ ಹಿಡಿದು ತಂದ. ಆಸ್ಪತ್ರೆಯ ಬಾಗಿಲಲ್ಲಿ ನಮ್ಮಿಬ್ಬರನ್ನೂ ನೋಡಿ ಸಿಸ್ಟರ್, ‘ಇಬ್ರಲ್ಲಿ ಹೆರೋರು ಯಾರಮ್ಮಾ?’ ಎಂದು ಕೇಳಿದರು. ಆ ನೋವಿನಲ್ಲೂ ನನ್ನ ಓರಗಿತ್ತಿ ‘ಇವತ್ತು ನಾನು, ಮುಂದಿನ ತಿಂಗಳು ಇವಳು’ ಅಂದಳು. ಹೆರಿಗೆ ಕೋಣೆಯಲ್ಲಿ ಅವಳ ತಲೆ ನನ್ನ ತೋಳ ಮೇಲಿತ್ತು. ಪ್ರತಿ ನೋವಿಗೂ ಅವಳು ನನ್ನ ಕೈ ಹಿಂಡಿದ್ದಕ್ಕೆ ಬೆರಳುಗಳು ಇನ್ನೂ ಊದಿವೆ, ಈ ಅಕ್ಷರ ಸೊಟ್ಟಗಿರುವುದು ಅದಕ್ಕೇ. ಮಗುವಿನ ಕೊರಳಿಗೆ ಕರುಳಬಳ್ಳಿ ಎರಡು ಸುತ್ತು ಬಿಗಿದಿತ್ತು. ಇನ್ನೊಂದು ಗಂಟೆ ತಡವಾಗಿದ್ದರೆ ಆಗುತ್ತಿರಲಿಲ್ಲ ಎಂದರು ಡಾಕ್ಟರಮ್ಮ. ಅದೇ ಡಾಕ್ಟರಮ್ಮ. ನನ್ನ ಗುರುತು ಹಿಡಿದು, ಮೊದಲು ಮಗುವನ್ನು ನನ್ನ ಕೈಗೇ ಕೊಟ್ಟರು.

ಹಾಗಾಗಿ ಅತ್ತೆ, ನಿಮ್ಮ ಚಿಕ್ಕ ಮಗನ ಕೂಸಿಗೆ ನೀವು ಅಜ್ಜಿಯಾಗಿ ಇವತ್ತಿಗೆ ಮೂರು ದಿನ. ಮಂಗಳವಾರ ಫೋನಿನಲ್ಲಿ ‘ಎಲ್ಲರೂ ಚೆನ್ನಾಗಿದ್ದೇವೆ’ ಎಂದೆನಲ್ಲ, ಸುಳ್ಳಲ್ಲ, ಎಲ್ಲರೂ ಚೆನ್ನಾಗಿದ್ದೆವು, ನಿಮಗೆ ಗೊತ್ತಿಲ್ಲದವರೊಬ್ಬರೂ ಸೇರಿ. ಗಂಡೋ ಹೆಣ್ಣೋ ನಾನು ಬರೆಯುವುದಿಲ್ಲ. ಯಾರ ಮೂಗು, ಯಾರ ಬಣ್ಣ ಅಂತಲೂ ಬರೆಯುವುದಿಲ್ಲ. ಹೆಸರು ನಾವಿಬ್ಬರು ಕೂತು ಇಟ್ಟಾಯಿತು. ನೀವು ಸೇರಿಸಬೇಕೆಂದಿದ್ದ ನಿಮ್ಮ ಯಜಮಾನರ ಹೆಸರು ಅದರಲ್ಲಿ ಇಲ್ಲ. ನಿಮ್ಮ ಚಿಕ್ಕ ಮಗ ಅಮ್ಮನಿಗೆ ಹೇಳೋಣ ಎಂದು ಎರಡು ಸಲ ಫೋನೆತ್ತಿದ. ‘ಅಕ್ಕ ಬರೀತಾಳೆ, ನೀನು ಸುಮ್ನಿರು’ ಎಂದು ಅವನ ಹೆಂಡತಿ ಕಿತ್ತಿಟ್ಟಳು. ನನ್ನವರಿಗೂ ಅದನ್ನೇ ಹೇಳಿದ್ದೇನೆ, ಬರೆದರೆ ಪೂರ್ತಿ ವಿಷಯ ಬರೆಯುತ್ತೇನೆ ಎಂದು. ನನ್ನ ಹೆರಿಗೆಗೆ ಇನ್ನು ಮೂರು ವಾರವಿರಬಹುದು. ಹೆರಿಗೆ ಕೋಣೆಗೆ ಒಬ್ಬರನ್ನು ಮಾತ್ರ ಬಿಡುತ್ತಾರೆ, ಓರಗಿತ್ತಿಯ ಹೆಸರು ಬರೆಸಿ ಬಂದಿದ್ದೇನೆ. ಹಸಿ ಬಾಣಂತಿ, ಹೇಗೆ ಬರುತ್ತೀಯೇ ಎಂದರೆ, ‘ತೆವಳ್ಕೊಂಡಾದ್ರೂ ಬರ್ತೀನಿ’ ಎಂದಳು. ಅತ್ತೆಗೊಂದು ಕಾಲ ಸೊಸೆಗೊಂದು ಕಾಲ ಅಂತ ನೀವೇ ಹೇಳುತ್ತಿದ್ದಿರಿ. ನಿಮ್ಮ ಕಾಲ ನೀವು ಚೆನ್ನಾಗಿ ಅನುಭವಿಸಿದಿರಿ. ನನಗೆ ನಾಚಿಕೆಯೇನೂ ಇಲ್ಲ, ಎರಡು ವರ್ಷದಲ್ಲಿ ಇಷ್ಟು ಹಗುರವಾಗಿ ನಾನು ಉಸಿರಾಡಿರಲಿಲ್ಲ.

ಕಣ್ಣಿಗೆ ನೀರು ತಾಗಿಸಬೇಡಿ, ಅಳುವುದೂ ಸಲ್ಲದಂತೆ. ನಾದಿನಿ, ಇಷ್ಟನ್ನೂ ನುಂಗದೆ ಓದಿದ್ದರೆ ನೀನು ಒಳ್ಳೆಯವಳು, ನಿನ್ನ ಮಕ್ಕಳಿಗೆ ನನ್ನ ಆಶೀರ್ವಾದ.

ಇಂತಿ ನಿಮ್ಮ ಮನೆಯ
ಹಿರಿಯ ಸೊಸೆ.

ಮರೆತ ಮಾತು: ಕಾಗದ ಮುಗಿಸಿ ಮಡಚದೆ ಕತ್ತರಿಸುವ ಮೇಜಿನ ಮೇಲೆ ನಿಮ್ಮ ದೊಡ್ಡ ಮಗನ ಮುಂದಿಟ್ಟೆ. ಇದೇ ನನ್ನ ನಿಜವಾದ ಕೆಲಸವಾಗಿತ್ತು. ನಿಂತೇ ಓದಿದರು, ಎರಡು ಸಲ ಓದಿದರು. ನಿನ್ನೆ ಆಸ್ಪತ್ರೆಯಿಂದ ಮನೆಗೆ ಬಂದ ಓರಗಿತ್ತಿಯನ್ನು ಕರೆದು, ‘ನಿಜವೇನಮ್ಮ?’ ಎಂದು ಒಂದೇ ಮಾತು ಕೇಳಿದರು. ಅವಳು ಮಗುವನ್ನೆತ್ತಿಕೊಂಡೇ ಹೌದೆಂದಳು. ಬಹಳ ಹೊತ್ತು ನನ್ನ ಕಾಲ ಬಳಿ ನೆಲದ ಮೇಲೆ ಕೂತಿದ್ದರು, ನಾನು ಎದ್ದೇಳಿ ಎನ್ನಲಿಲ್ಲ. ಇಪ್ಪತ್ತನಾಲ್ಕಕ್ಕೆ ನೀವು ಇಲ್ಲಿಗೆ ಬರಲೆಂದು ತೆಗೆಸಿದ್ದ ಬಸ್ಸಿನ ಟಿಕೆಟನ್ನು ಈಗಷ್ಟೇ ರದ್ದು ಮಾಡಿ ಬಂದರು. ಕಾಗದದ ಕೊನೆಯಲ್ಲಿ ಎರಡು ಸಾಲು ನೀವೇ ಬರೆಯಿರಿ ಎಂದೆ, ಬರೆಯಲು ಏನೂ ಇಲ್ಲ ಎಂದರು. ನಾದಿನಿ, ಲಕೋಟೆಯನ್ನು ಅಮ್ಮನ ಕಣ್ಣಿನ ಹತ್ತಿರ ಹಿಡಿ, ಅಷ್ಟು ಅವರೇ ನೋಡಲಿ. ವಿಳಾಸ ಬರೆದದ್ದು ನಾನಲ್ಲ. ಕಳುಹಿಸಿದವರು ಎಂಬಲ್ಲಿ ಇರುವುದು ಅವರ ಮಗನ ಹೆಸರು, ಅವರ ಮಗನದೇ ಅಕ್ಷರ.