ನೀನೇ ಹೋಗಿ ಬರೆಸು

ಗ್ರಿಮ್ಸ್‌ಬಿ
ಸೋಮವಾರ, ಮಾರ್ಚ್ 6, 2023

ಪ್ರೀತಿಯ ಜೆಮ್ಮಾ,

ನೀನೂ ಪಾಪುವೂ ಆರಾಮವೆಂದು ನಂಬಿದ್ದೇನೆ. ನಿನ್ನ ಕಾಗದ ಬಂದು ಒಂಬತ್ತು ದಿನವಾಯಿತು. ಟೀ ಡಬ್ಬಿಯ ಹಿಂದೆ ಇಟ್ಟಿದ್ದೇನೆ, ದಿನಾ ತೆಗೆದು ಓದುತ್ತೇನೆ, ಮತ್ತೆ ಅಲ್ಲೇ ಇಡುತ್ತೇನೆ. ತಡವಾಯಿತೆಂದು ಬೈಯಬೇಡ. ಫೋನ್ ಮಾಡೋಣವೆಂದರೆ ನಿಮ್ಮಪ್ಪ ಪಕ್ಕದಲ್ಲೇ ಕೂತಿರುತ್ತಾರೆ.

"ಐವಿ ಅಂತ ಇಡ್ತೀನಮ್ಮ, ಈಗ ಎಲ್ಲಾ ಕಡೆ ಅದೇ ಹೆಸರು, ಮುದುಕೀರ ಹೆಸರು ಅಂತ ನಗಬೇಡ" ಎಂದು ಬರೆದಿದ್ದೀಯ. ನಾನು ನಗಲಿಲ್ಲ, ಕುರ್ಚಿ ಎಳೆದುಕೊಂಡು ಕೂತುಬಿಟ್ಟೆ. ಶಾಲೆಯಲ್ಲಿ ನಾನು ಊಟ ಬಡಿಸಿದ ಕೊನೆಯ ವರ್ಷ, ಒಂದೇ ತರಗತಿಯಲ್ಲಿ ಮೂವರು ಒಲಿವಿಯಾ, ಇಬ್ಬರು ಐವಿ ಇದ್ದರು. "ಐವಿ, ಬಟಾಣಿ ಬಿಡಬೇಡ" ಎಂದರೆ ಎರಡು ತಲೆ ಮೇಲೇಳುತ್ತಿದ್ದವು. ಆಗೆಲ್ಲ ನಾನು ಆ ಇಬ್ಬರಿಗೂ ಒಂದು ಸೌಟು ಹೆಚ್ಚೇ ಬಡಿಸುತ್ತಿದ್ದೆ.

ನನ್ನ ನಿದ್ದೆ ಕೆಡಿಸಿರುವುದು ಕೆಳಗಿನ ಸಾಲು. ನಿನ್ನ ಹೆರಿಗೆಯ ಹೊಲಿಗೆ ಇನ್ನೂ ಮಾಯ್ದಿಲ್ಲವಂತೆ, ಒಂಬತ್ತನೇ ತಾರೀಖು ಗುರುವಾರ ಹೆಸರು ನೋಂದಾಯಿಸಲು ರಯಾನ್ ಒಬ್ಬನೇ ಹೋಗುತ್ತಾನಂತೆ, ಅವನಮ್ಮ ಪಾಲಿನ್ ಕಾರು ಓಡಿಸುತ್ತಾಳಂತೆ. ಬೇಡ ಜೆಮ್ಮಾ. ನನ್ನ ಈ ಬೀಗಿತ್ತಿ ಆಸ್ಪತ್ರೆಯಲ್ಲಿ ಏನೆಂದಳು ಗೊತ್ತೆ? "ಐವಿ ಅಂದ್ರೆ ಗೋಡೆ ತಿನ್ನೋ ಬಳ್ಳಿ ಕಣ್ರೀ ಲೊರೇನ್! ಒಲಿವಿಯಾ ಅನ್ನೋದು ಎಷ್ಟು ಚೆಂದ. ನಾನು ಹೇಳಿದ್ರೆ ನಮ್ಮ ರಯಾನ್ ಇಲ್ಲ ಅನ್ನಲ್ಲ ಬಿಡಿ." ರಯಾನ್ ಒಳ್ಳೆಯವನೇ. ಟೀ ಮಾಡಿಕೊಡುತ್ತಾನೆ, ಮಗುವಿನ ಬಟ್ಟೆ ಬದಲಿಸುತ್ತಾನೆ. ಆದರೆ ಅವನಮ್ಮ ಬಾಯಿ ತೆರೆದರೆ ಅವನ ಬಾಯಿ ಮುಚ್ಚುತ್ತದೆ. ಅಂಥ ಒಳ್ಳೆಯವರನ್ನು ನಾನು ಬಲ್ಲೆ.

ಮದುವೆಯಾದ ಗಂಡ ಒಬ್ಬನೇ ಹೋದರೂ ಆ ನೋಂದಣಿ ಕಚೇರಿಯಲ್ಲಿ ಬರೆದುಕೊಳ್ಳುತ್ತಾರೆ, ತಾಯಿಯನ್ನು ಕೇಳುವುದಿಲ್ಲ. ಮಗು ಹುಟ್ಟಿದಂದಿನಿಂದ ನಲವತ್ತೆರಡು ದಿನ ಗಡುವಿದೆ, ನಿನಗಿನ್ನೂ ಎರಡು ವಾರ ಉಳಿದಿದೆ. ಗುರುವಾರ ಆಗದಿದ್ದರೆ ಮುಂದಕ್ಕೆ ಹಾಕು. ಹೊಟ್ಟೆಗೆ ದಿಂಬು ಒತ್ತಿಕೊಂಡು ಟ್ಯಾಕ್ಸಿಯಲ್ಲಾದರೂ ನೀನೇ ಹೋಗು. ಕರೆದರೆ ನಾನೇ ರೈಲು ಹತ್ತಿ ಬಂದು ಕೈ ಹಿಡಿದುಕೊಂಡು ಹೋಗುತ್ತೇನೆ. ಐವಿಯೋ ಇನ್ನೊಂದೋ, ಹೆಸರು ನಿನ್ನ ಬಾಯಿಂದ ಬರಲಿ. ಸಹಿ ಹಾಕುವ ಮೊದಲು ಅವರು ಬರೆದದ್ದನ್ನು ಓದಿ ನೋಡು.

ಪಾಪು ಚೆನ್ನಾಗಿ ಹಾಲು ಕುಡಿದು ದುಂಡಗಾಗಲಿ. ನಿನ್ನ ಮೈ ಬೇಗ ಸುಧಾರಿಸಲಿ.

ನಿನ್ನ ಅಮ್ಮ,
ಲೊರೇನ್

ತಾ.ಕ.: ಇದನ್ನು ಬರೆಯಬಾರದೆಂದೇ ಒಂಬತ್ತು ದಿನ ತಡೆದೆ. ನೀನು ಹುಟ್ಟಿದಾಗ ನನಗೂ ಹೊಲಿಗೆ ಹಾಕಿದ್ದರು. ಹೆಸರು ಬರೆಸಲು ನಿಮ್ಮಪ್ಪ ನನ್ನನ್ನು ಬಿಟ್ಟು ಹೋದರು, ಜೊತೆಗೆ ಅವರಮ್ಮ, ನಿನ್ನ ಡೊರೀನ್ ಅಜ್ಜಿ. ವಾಪಸು ಬಂದು ನೋಂದಣಿ ಕಾಗದವನ್ನು ನನ್ನ ಮಡಿಲಲ್ಲಿಟ್ಟು, "ಅಮ್ಮ ಹೇಳಿದ್ಲು, ಈಗ ಎಲ್ರೂ ಜೆಮ್ಮಾ ಅಂತಾನೇ ಇಡೋದಂತೆ" ಎಂದು ಟೀಗೆ ನೀರಿಡಲು ಹೋದರು. ನಾನು ನಿನಗೆ ಇಟ್ಟದ್ದು ನನ್ನನ್ನು ಸಾಕಿದ ಅಜ್ಜಿಯ ಹೆಸರು. ಹತ್ತೊಂಬತ್ತು ದಿನ ನೀನು ನನ್ನ ಐವಿ ಆಗಿದ್ದೆ. ಇಪ್ಪತ್ತನೆಯ ದಿನದಿಂದ ಜೆಮ್ಮಾ ಎಂದು ಕರೆಯುವುದನ್ನು ಕಲಿತೆ.