ಕೊನೆಯ ಗ್ಲಾಸು ಬಿಳಿ ಚಾಕೊಲೇಟ್

ಟುರಿನ್, ಜನವರಿ ೧೭

ಆ ಕೂಗು ಇನ್ನೂ ಕಿವಿ ಬಿಟ್ಟು ಹೋಗಿಲ್ಲ!

ನನ್ನ ಹೆಂಡತಿ ಒರ್ನೆಲ್ಲಾ ಸಾಯುವ ಮುಂಚೆ ಹಾಲು ಬೆರೆಸಿ ಕೈಯಾರೆ ಮಾಡಿಟ್ಟಿದ್ದ ಬಿಳಿ ಚಾಕೊಲೇಟ್ ಲಿಕ್ಯೂರ್, ಆ ಸಿಹಿ ಮದ್ಯ, ಇನ್ನು ಒಂದೇ ಗ್ಲಾಸಿನಷ್ಟಿತ್ತು. ಸಂಜೆ ಹಳೇ ಗಿರಾಕಿ ಡೆಸೊಲೀನಮ್ಮ ನನ್ನ ಬಾರ್‌ಗೆ ಬಂದವರೇ ಕೌಂಟರ್ ಕುಟ್ಟಿದರು.

"ಸೆಕೊಂಡೊ, ಇವತ್ತು ನನ್ನ ಹುಟ್ಟುಹಬ್ಬ. ನಿನ್ನ ಹೆಂಡತಿ ಮಾಡ್ತಿದ್ದ ಕಾಕ್‌ಟೇಲ್ ಕೊಡು. ಆ ಬಾಟಲಿ ಉಳಿಸಿಕೊಂಡು ಅದರ ಮುಂದೆ ಮೇಣದಬತ್ತಿ ಹಚ್ಚಿಡ್ತೀಯೇನು?"

ಎದೆ ಗಟ್ಟಿ ಮಾಡಿಕೊಂಡು ಪೂರ್ತಿ ಸುರಿದೆ. ಜಿನ್ ಬೆರೆಸಿದೆ. ಜಿನ್ ಅಂದರೆ ನಿಂಬೆ ಹಿಂಡುವ ಹಾಳು ಅಭ್ಯಾಸ, ಕೈ ನಿಂಬೆಹಣ್ಣಿನತ್ತ ಹೋಯಿತು.

"ನಿಲ್ಲೋ ಕೊಲೆಗಾರ! ಹಾಲು ಒಡೆಯುತ್ತೆ!"

ಒರ್ನೆಲ್ಲಾಳದೇ ಬೈಗುಳ, ಅವಳದೇ ದನಿ, ಗೋಡೆ ನಡುಗುವ ಹಾಗೆ! ನಿಂಬೆ ಉರುಳಿಹೋಯಿತು. ಗಿರಕ್ಕನೆ ತಿರುಗಿದೆ. ಹಿಂದಿನ ಕನ್ನಡಿಯಲ್ಲಿ ನನ್ನ ತೆರೆದ ಬಾಯಿ.

"ಯಾರು ಕೂಗಿದ್ದು?"

ಡೆಸೊಲೀನಮ್ಮ ಶಿಲುಬೆಯ ಗುರುತು ಹಾಕಿಕೊಂಡರು. "ನೀನೇ ಕಣಪ್ಪಾ. ಅವಳ ದನೀಲಿ."

ಕುಡಿದು, ಕಣ್ಣೊರೆಸಿಕೊಂಡು ಹೋದರು.

ಬಾಗಿಲು ಹಾಕಿದ ಮೇಲೆ ನಿಂಬೆ ಹಿಡಿದು ನಿಂತು ಅದೇ ಮಾತನ್ನು ಎಷ್ಟು ಸಲ ಕೂಗಿದೆನೋ! ಪ್ರತಿ ಸಲವೂ ನನ್ನದೇ ಒರಟು ಗಂಟಲು. ಬಾಟಲಿ ಖಾಲಿ. ನಾಳೆ ಅಂಗಡಿಯದನ್ನೇ ತಂದು, ಅದಕ್ಕೆ ನಿಂಬೆ ಹಿಂಡಲು ಹೋದರೆ, ಒಂದು ವೇಳೆ ಅವಳು ಮತ್ತೆ ಬಂದು ಬೈದಾಳೇನೋ...