ಕಾರ್ತಿಕ ಸೋಮವಾರದ ಮಾತ್ರೆ

ಅಪ್ಪಾಜಿ,

ನಿಮ್ಮ ಪುಟ್ಟಿ ಬರೆಯುತ್ತಿದ್ದೇನೆ. ನಿಮ್ಮ ಕ್ಷೇಮ ಕೇಳುವ ಹಾಗಿಲ್ಲ. ನಮ್ಮದು ಹೇಳೋಣವೆಂದರೆ ಅದೂ ಅಷ್ಟರಲ್ಲೇ ಇದೆ. ನನಗೆ ಭಯ ಅಪ್ಪಾಜಿ. ಯಾರ ಹತ್ತಿರವೂ ಹೇಳಿಕೊಳ್ಳಲಾಗದೆ ನಿಮಗೆ ಹೇಳುತ್ತಿದ್ದೇನೆ.

ಗೌರಿ ಹಬ್ಬ ಮುಗಿದ ವಾರವೇ ಅಮ್ಮನಿಗೆ ಜ್ವರ ಬಂತು. ನಾಲ್ಕನೇ ದಿನ ಬೆಳಿಗ್ಗೆ ಅಡುಗೆಮನೆಯ ಕಟ್ಟೆ ಹಿಡಿದು ನಿಂತವಳಿಗೆ ಮಾತಾಡಲು ಉಸಿರೇ ಸಾಲುತ್ತಿರಲಿಲ್ಲ. ತುಟಿ ನೇರಳೆ ಹಣ್ಣು ತಿಂದವರ ಹಾಗಿತ್ತು. ಮೂರು ವರ್ಷದ ಹಿಂದೆ ನಿಮ್ಮ ತುಟಿಗೆ ಬಂದಿತ್ತಲ್ಲ, ಅದೇ ಬಣ್ಣ. ರಾಮಕೃಷ್ಣನಗರದಿಂದ ಆಸ್ಪತ್ರೆ ಮುಟ್ಟುವವರೆಗೆ ನಾನು ಅವಳ ಮುಖ ನೋಡಲಿಲ್ಲ, ಆಟೋ ಮೀಟರನ್ನೇ ನೋಡುತ್ತಾ ಕೂತಿದ್ದೆ. ಎಂಥ ಮಗಳು ಅಲ್ಲವಾ?

ವೆಂಟಿಲೇಟರ್ ಹಾಕಿದ ಆರನೇ ದಿನ ಡಾಕ್ಟರಮ್ಮ ನನ್ನನ್ನು ಪಕ್ಕಕ್ಕೆ ಕರೆದರು. "ಗಾಯ ಮಾಯ್ದ ಮೇಲೆ ಚರ್ಮದಲ್ಲಿ ಕಲೆ ಉಳಿಯುತ್ತಲ್ವಾ ಮೇಡಂ? ಶ್ವಾಸಕೋಶದೊಳಗೂ ಹಂಗೇ. ಕಲೆ ಕಟ್ಟಿದ ಜಾಗ ಗಟ್ಟಿಯಾಗ್ಬಿಡುತ್ತೆ, ಅಲ್ಲಿ ಉಸಿರಾಟ ನಡೆಯಲ್ಲ. ಕಲೆ ಕಟ್ಟೋಕೆ ಶುರುವಾದ್ರೆ ರಕ್ತದಲ್ಲಿ ಗುರುತು ಸಿಗುತ್ತೆ. ನಿಮ್ಮ ತಾಯಿಯವ್ರಿಗೆ ಅದು ಏರ್ತಾ ಇದೆ. ಸ್ಟೀರಾಯ್ಡ್ ಕೊಡ್ತೀವಿ" ಅಂದರು. ಇಳಿಯುತ್ತಾ ಅಂತ ಕೇಳಿದೆ. "ನೋಡೋಣ" ಅಂದರು. ಈ 'ನೋಡೋಣ' ಅನ್ನುವ ಮಾತನ್ನು ಹುಟ್ಟಿಸಿದವರು ಯಾರಾದರೂ ನನ್ನ ಕೈಗೆ ಸಿಕ್ಕರೆ...

ಇಳಿಯಿತು. ಅಮ್ಮ ಮನೆಗೆ ಬಂದಳು. ಸ್ಟೀರಾಯ್ಡ್ ಮಾತ್ರೆಯ ದೆಸೆಯಿಂದ ಕೆನ್ನೆ ಊದಿ ಪೂರಿಯಾಗಿದೆ, ಸಕ್ಕರೆ ಏರಿದೆ, ಬಾಯಿ ಮಾತ್ರ ಮೊದಲಿಗಿಂತ ಜೋರು. ಮಾತ್ರೆಯನ್ನು ಸ್ವಲ್ಪಸ್ವಲ್ಪವೇ ಕಡಿಮೆ ಮಾಡಬೇಕು, ಡಾಕ್ಟರನ್ನು ಕೇಳದೆ ಒಂದು ದಿನವೂ ಬಿಡಬಾರದು. ಬರುವ ಗುರುವಾರ ಮತ್ತೆ ರಕ್ತ ಕೊಡಬೇಕು. ಕಲೆಯ ಗುರುತು ಮತ್ತೆ ಏರಿದ್ದರೆ? ಅವಳು ಕೆಮ್ಮಿದ ಹಾಗನಿಸಿದರೆ ಸಾಕು, ಶಾಲೆಯಲ್ಲಿ ಪಾಠ ಮಾಡುತ್ತಿರುವ ನಾನು ಸೀಮೆಸುಣ್ಣ ಕೆಳಗಿಟ್ಟು ಮನೆಗೆ ಓಡಿಬರುವ ಹಾಗಾಗಿದೆ. ಶಾಲೆಯಿಂದ ಅವಳ ಕೆಮ್ಮು ಕೇಳುವುದಿಲ್ಲ ಅಂತ ನನಗೂ ಗೊತ್ತು!

ನಿಮ್ಮ ಕೊನೆಯ ಕಾರ್ತಿಕ ನೆನಪಿದೆಯಾ? ಆಸ್ಪತ್ರೆಯಿಂದ ಬಂದು ಇದೇ ಮಾತ್ರೆಯ ಮೇಲಿದ್ದಿರಿ. ಮೊದಲ ಸೋಮವಾರ ವಿಭೂತಿ ಧರಿಸಿ ಡಾಕ್ಟರ ಚೀಟಿ ಹಿಡಿದು ಬಂದು, ಕಚೇರಿಯಲ್ಲಿ ಫೈಲು ವಾಪಸು ಕಳಿಸುವ ದನಿಯಲ್ಲೇ ಹೇಳಿದಿರಿ: "ನೋಡು ಪುಟ್ಟಿ, ತಿಂಡಿ ಆದ ಮೇಲೆ ಅಂತ ಬರ್ದಿದಾರೆ. ಇವತ್ತು ಉಪವಾಸ. ತಿಂಡಿನೇ ಇಲ್ಲ ಅಂದ್ಮೇಲೆ ಮಾತ್ರೆ ಎಲ್ಲಿ ಬಂತು?" ಸಂಜೆ ಪೂಜೆ ಮುಗಿಸಿ ನುಂಗಿ ಅಂದರೆ, ಸಂಜೆ ನುಂಗಿದರೆ ನಿದ್ದೆ ಬರುವುದಿಲ್ಲ ಅಂದಿರಿ. ನಾನು ನಕ್ಕುಬಿಟ್ಟೆ. "ಒಂದಿನಕ್ಕೇನೂ ಆಗಲ್ಲ ಬುಡಿ ಅಪ್ಪಾಜಿ" ಅಂದೆ. ಆ ಒಂದು ದಿನ ಮೂರು ಸೋಮವಾರವಾಯಿತು. ಮೂರನೆಯ ಸೋಮವಾರ ಕಳೆದು ಬುಧವಾರ ಉಸಿರು ಕಟ್ಟಿ ನೀವು ಹೋಗಿಬಿಟ್ಟಿರಿ. ಅದರಿಂದಲೇ ಆಯಿತೋ ಇಲ್ಲವೋ ಯಾರೂ ಹೇಳಲಿಲ್ಲ. ನಾನು ಕೇಳಲಿಲ್ಲ. ಹೌದು ಅಂದುಬಿಟ್ಟರೆ ಅಂತ...

ಇವತ್ತು ಬೆಳಿಗ್ಗೆ ದೋಸೆ ಹಾಕಿ ತಟ್ಟೆ ಮುಂದಿಟ್ಟೆ. ಅಮ್ಮ ತಲೆಗೆ ಸ್ನಾನ ಮಾಡಿಕೊಂಡು ಬಂದವಳೇ ತಟ್ಟೆ ತಳ್ಳಿದಳು. "ಎತ್ತಿಡೇ ಅದನ್ನ. ಮೊದಲ ಕಾರ್ತಿಕ ಸೋಮವಾರ ಕಣೇ. ನಿಮ್ಮಪ್ಪಾಜಿ ಕೊನೇವರ್ಗೂ ಬಿಡ್ಲಿಲ್ಲ. ಒಂದಿನ ಮಾತ್ರೆ ಬಿಟ್ಬುಟ್ರೆ ನಾನೇನ್ ಸತ್ತೋಗ್ತೀನಾ?" ಮೂರು ವರ್ಷ ನುಂಗಿಕೊಂಡಿದ್ದನ್ನು ಆ ಅಡುಗೆಮನೆಯಲ್ಲಿ ನಿಂತು ಎಲ್ಲ ಹೇಳಿಬಿಟ್ಟೆ, ನಾನು ಅಂದ ಮಾತೂ ಸೇರಿಸಿ.

ಅಮ್ಮ ಬಯ್ಯಲಿಲ್ಲ, ಅದೇ ಹೆಚ್ಚು ಹೆದರಿಸಿತು. "ಆ ಸೋಮವಾರಗಳಲ್ಲಿ ಅವ್ರಿಗೆ ಪೂಜೆಗೆ ಅಣಿ ಮಾಡ್ಕೊಟ್ಟೋಳು ನಾನೇ ಕಣೇ. ನಂಗೂ ಹೊಳೀಲಿಲ್ಲ" ಅಂದಳು. ಆರಿದ ದೋಸೆಯನ್ನು ಎಳೆದುಕೊಂಡು, ಯಾರ ಮೇಲೋ ಸಿಟ್ಟು ತೀರಿಸಿಕೊಳ್ಳುವವಳ ಹಾಗೆ ಒಂದು ಚೂರೂ ಬಿಡದೆ ತಿಂದಳು. ಮಾತ್ರೆ ನುಂಗಿದಳು. ಮದುವೆಯಾಗಿ ಬಂದ ಮೇಲೆ ಕಾರ್ತಿಕ ಸೋಮವಾರ ಅವಳು ತಿಂಡಿ ತಿಂದಿದ್ದು ಇದೇ ಮೊದಲು. ನೀರು ಕುಡಿದು, "ಶಿವ ಕೇಳಿದ್ರೆ ನಿಮ್ಮಪ್ಪಾಜಿ ಕೈಲೇ ಹೇಳಿಸ್ತೀನಿ ಬುಡು. ಮೊನ್ನೆ ಕನಸಲ್ಲಿ ಬಂದಿದ್ರು. ಬೆಟ್ಟದ ಮೆಟ್ಟಿಲ ಹತ್ರ ನಿಂತ್ಕೊಂಡು, ಬಾರೇ ಹತ್ತೋಣ ಅಂದ್ರು. ಎಷ್ಟು ಹತ್ತಿದ್ರೂ ಉಸಿರೇ ಕಟ್ಟಲಿಲ್ಲ ಗೊತ್ತಾ!" ಅಂದಳು. ಎಷ್ಟು ಖುಷಿಯಾಗಿ ಅಂದಳು ಅಂತೀರಿ! ನನಗೆ ಮಾತ್ರ ನೀವು ಕರೆದದ್ದೇ ಕೇಳಿಸಿತು.

ಅಪ್ಪಾಜಿ, ನಿಮಗೆ ನಾನು ಎಂದೂ ಎದುರಾಡಿದವಳಲ್ಲ. ಆವತ್ತೊಂದು ದಿನ ಆಡಬೇಕಿತ್ತು. ಇವತ್ತು ಆಡುತ್ತಿದ್ದೇನೆ. ಅವಳ ಮಾತ್ರೆ ನನ್ನ ಜವಾಬ್ದಾರಿ, ಒಂದು ದಿನವೂ ತಪ್ಪಿಸುವುದಿಲ್ಲ. ಗುರುವಾರ ಏನೇ ಬರಲಿ, ಈ ಸಲ ಡಾಕ್ಟರಮ್ಮನನ್ನು ಬಾಯಿಬಿಟ್ಟು ಕೇಳುತ್ತೇನೆ. ನೀವು ಮಾತ್ರ ಅವಳನ್ನು ಕರೆಯಬೇಡಿ. ಬೇಕಾದರೆ ನನ್ನ ಕನಸಿಗೆ ಬಂದು ಬೈಯಿರಿ. ನೀವು ಕರೆದರೆ ಅವಳು ಯಾಕೆ, ಎಲ್ಲಿಗೆ ಅಂತಲೂ ಕೇಳುವುದಿಲ್ಲ, ಒಲೆ ಆರಿಸಿ ಹೊರಟೇಬಿಡುತ್ತಾಳೆ.

ನಿಮ್ಮ ಪುಟ್ಟಿ